ಪಾದದ ಕೆಳಗಿನ ಮುಖ

ಯಶವಂತನಗರದ ಮಾರುತೇಶ್ ತನ್ನ ಲಾರಿ ಯಾರ್ಡಿನ ಮಗ್ಗುಲಲ್ಲೇ ಒಂದು ಜಿಮ್ ಕಟ್ಟಿಸಿದ. ಅದರ ಮುಂಗೋಡೆಯನ್ನು ತುಂಬುವಂಥ ದೊಡ್ಡ ಚಿತ್ರವೊಂದು ಅವನಿಗೆ ಬೇಕಾಗಿತ್ತು. ಸೂಪರ್‌ಹೀರೋ ಒಬ್ಬ ತನ್ನ ವೈರಿಯ ಜೊತೆ ಕಾದಾಡುವ ಚಿತ್ರ. ಇಂಟರ್ನೆಟ್ಟಿನಿಂದ ಇಳಿಸಿಕೊಂಡದ್ದು ಎಲ್ಲ ಜಿಮ್ಮುಗಳಲ್ಲೂ ಇರುತ್ತದೆ, ಅದು ಬೇಡ, ತನ್ನ ಗೋಡೆಯ ಮೇಲಿನದು ಬೇರೆಲ್ಲೂ ಇರಬಾರದು ಎಂದು ಅವನು ಪಲ್ಲವಿಗೆ ಫೋನಿನಲ್ಲಿ ಹೇಳಿದ. ಹೀರೋಗೆ ಹೆಸರನ್ನೂ ಅವನೇ ಇಟ್ಟಿದ್ದ, ಸಂಡೂರು ಸಿಡಿಲು ಅಂತ. ಹೀರೋನ ಮುಖ ತನ್ನ ಮುಖವೇ ಆಗಿರಬೇಕು ಎನ್ನುವಾಗ ಮಾತ್ರ ಕೊಂಚ ನಾಚಿದಂತೆ ನಕ್ಕ.

ಪಲ್ಲವಿ ದಾವಣಗೆರೆಯಲ್ಲಿ ಚಿತ್ರಕಲೆ ಓದಿ ಬಂದವಳು. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ, ಅಂಗನವಾಡಿಗೆ ಕೆಲಸಕ್ಕೆ ಹೋಗುವ ತಾಯಿ ರೇಣುಕಾದೇವಿಯ ಜೊತೆ ಚಿಕ್ಕ ಮನೆಯಲ್ಲಿದ್ದಳು. ಮದುವೆ ಪತ್ರಿಕೆ, ಅಂಗಡಿಗಳ ಬೋರ್ಡು, ಹಂಪಿಗೆ ಬರುವ ಪ್ರವಾಸಿಗರಿಗೆಂದು ಕಮಲಾಪುರದ ಹೋಟೆಲು ಗೋಡೆಗಳ ಮೇಲೆ ಬಂಡೆ, ಬಾಳೆತೋಟ, ಹರಿಗೋಲು, ಹೀಗೆ ಕೇಳಿದ್ದನ್ನೆಲ್ಲ ಬರೆದು ಕೊಡುತ್ತಿದ್ದಳು. ಆದರೆ ಅವಳಿಗೆ ಇಷ್ಟವಾದದ್ದು ಹೊಡೆದಾಟ. ಗಾಳಿಯಲ್ಲಿ ತಿರುಗಿದ ಮೈ, ನೆಲಕ್ಕೆ ಊರಿದ ಹೆಬ್ಬೆರಳು, ಏಟು ಬೀಳುವ ಮೊದಲಿನ ಆ ಒಂದು ಕ್ಷಣ. ಅಂಥದ್ದನ್ನು ಬರೆದು ಫೋನಿನಲ್ಲಿ ಹಾಕಿದರೆ ಜನ ಮೆಚ್ಚುತ್ತಿದ್ದರು, ಬರೆದುಕೊಡು ಎಂದು ಕೇಳುತ್ತಿರಲಿಲ್ಲ. ಕೇಳಿದ ಮೊದಲನೆಯವನು ಮಾರುತೇಶ್. ಅವಳು ಕೂಡಲೇ ಒಪ್ಪಿಕೊಂಡಳು.

ಮೊದಲು ಅವಳು ಟ್ಯಾಬಿನ ಮೇಲೆ ಅಂಗೈಯಗಲದ ಕಚ್ಚಾ ಚಿತ್ರಗಳನ್ನು ಗೀಚಿದಳು. ಅವುಗಳಲ್ಲಿ ಮುಖವಿರುವುದಿಲ್ಲ, ಬಟ್ಟೆಯಿರುವುದಿಲ್ಲ, ಬರೀ ಕಡ್ಡಿಯಂಥ ಮೈಗಳು. ಯಾರು ಎಲ್ಲಿ ನಿಂತಿದ್ದಾರೆ, ತೂಕ ಯಾರ ಮೇಲೆ ಬಿದ್ದಿದೆ, ನೋಡುವವನ ಕಣ್ಣು ಎಲ್ಲಿಂದ ಹೊಕ್ಕು ಎಲ್ಲಿ ಹೋಗಿ ನಿಲ್ಲುತ್ತದೆ ಅನ್ನುವುದಷ್ಟೇ ಗೊತ್ತಾದರೆ ಸಾಕು. ಬೇರೆ ಬೇರೆ ರೀತಿಯಲ್ಲಿ ಬರೆದು ಕಳಿಸಿದಳು. ಮಾರುತೇಶ್ ಒಂದನ್ನೂ ಒಪ್ಪಲಿಲ್ಲ. ಇದೇನು ಇರುವೆಗಳ ಜಗಳವೇ ಎಂದು ಕೇಳಿದ. ಇನ್ನೊಂದರಲ್ಲಿ ಹೀರೋ ಓಡಿಹೋಗುವವನ ಹಾಗೆ ಕಾಣುತ್ತಾನೆ ಎಂದ. ಒಂದರಲ್ಲಿ ಇಬ್ಬರೂ ಸಮನಾಗಿದ್ದಾರೆ ಎಂದು ಸಿಟ್ಟಾದ. ಧ್ವನಿ ಮೆಸೇಜುಗಳು ಒಂದರ ಹಿಂದೆ ಒಂದು ಬರತೊಡಗಿದವು. ಹಿಂದೆ ಲಾರಿಗಳ ಹಾರ್ನು, ಮುಂದೆ ಅವನ ಗದರಿಕೆ.

ಪಲ್ಲವಿ ತಾಳ್ಮೆಯಿಂದಲೇ ವಿವರಿಸಿದಳು. ವೈರಿ ಪುಕ್ಕಲಾದರೆ ಹೀರೋನ ಗೆಲುವೂ ಸಪ್ಪಗಾಗುತ್ತದೆ, ಎದುರಿಗಿರುವವರು ಬೆಟ್ಟದಂತಿದ್ದರೆ ತಾನೇ ಹೊಡೆತಕ್ಕೆ ಸದ್ದು ಬರುವುದು ಎಂದಳು.

"ನನಗ ಪಾಠ ಬ್ಯಾಡ ಮೇಡಂ," ಎಂದ ಮಾರುತೇಶ್. "ಆಕಿ ಕೆಳಗ, ನಾ ಮ್ಯಾಲ. ಅಷ್ಟ ಬರೀರಿ."

ವೈರಿ ಹೆಂಗಸು ಎನ್ನುವುದು ಪಲ್ಲವಿಗೆ ಆಗಲೇ ಗೊತ್ತಾದದ್ದು.

ಮರುದಿನ ಲಾರಿ ಟೈರಿನ ಕೆಲಸವಿದೆಯೆಂದು ಹೊಸಪೇಟೆಗೆ ಬಂದವನು ಅವಳ ಮನೆಗೂ ಬಂದ. ದಪ್ಪ ಕುತ್ತಿಗೆ, ನಲವತ್ತರ ವಯಸ್ಸು, ಮೈಗೆ ಅಂಟಿದ ಅಂಗಿ. ಬಾಗಿಲಲ್ಲಿ ಮೇಡಂ ಎನ್ನುತ್ತಲೇ ಒಳಗೆ ಬಂದು ಕುರ್ಚಿಯಲ್ಲಿ ಕುಳಿತ. ರೇಣುಕಾದೇವಿ ಚಹಾ ತಂದಿಟ್ಟರು. ಅವನ ಕಣ್ಣು ಗೋಡೆಯ ಮೇಲಿನ ಬುದ್ಧನ ಪಟಕ್ಕೆ, ಅದರ ಪಕ್ಕದ ಬಾಬಾಸಾಹೇಬರ ಫೋಟೋಕ್ಕೆ ಹೋಯಿತು. ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅವನು ಕುರ್ಚಿಯಲ್ಲಿ ಮುಂದಕ್ಕೆ ಸರಿದು ಕುಳಿತ, ಹೊರಡುವವನ ಹಾಗೆ. ಚಹಾಕ್ಕೆ ಕೈ ಹಾಕಲಿಲ್ಲ. ರೇಣುಕಾದೇವಿ ಆರುತ್ತದೆ, ಕುಡಿಯಿರಿ ಎಂದರೆ ಸಕ್ಕರೆ ಕಾಯಿಲೆ ಎಂದ. ಸಕ್ಕರೆ ಹಾಕದೆ ತರುತ್ತೇನೆಂದರೆ ಬೇಡ ಎಂದ. ಅಲ್ಲಿಂದ ಮುಂದೆ ಮೇಡಂ ಹೋಗಿ ನೀನು ಬಂತು.

ಅವನು ಫೋನಿನಲ್ಲಿ ಒಂದು ಫೋಟೋ ತೋರಿಸಿದ. ಕಾರಿನ ಒಳಗಿನಿಂದ ತೆಗೆದದ್ದು. ಕೆಂಪು ಧೂಳಿನ ರಸ್ತೆಯ ಮೇಲೆ ಐವತ್ತರ ಆಸುಪಾಸಿನ ಒಬ್ಬ ಹೆಂಗಸು. ಸೆರಗು ಜಾರಿದೆ, ಕೂದಲು ಬಿಚ್ಚಿದೆ, ಒಂದು ಕೈ ಮೇಲಕ್ಕೆತ್ತಿದ್ದಾಳೆ. ಬಾಯಿ ಅಗಲವಾಗಿ ತೆರೆದಿದೆ, ಕುತ್ತಿಗೆಯ ನರಗಳು ಹಗ್ಗದ ಹಾಗೆ ಎದ್ದಿವೆ. ರಾಕ್ಷಸಿಗೆ ಈ ಮುಖ ಹಾಕು, ಮೈಯನ್ನು ಮಣ್ಣು ಧೂಳಿನಲ್ಲಿ ಮಾಡು, ನನ್ನ ಕಾಲು ಅವಳ ಮೇಲಿರಲಿ ಎಂದ.

ಇವರು ಯಾರು ಎಂದು ಪಲ್ಲವಿ ಕೇಳಿದಳು.

"ಯಾರೋ ಒಬ್ಬಾಕಿ. ರೋಡಿನಾಗ ಒದರೋ ಹೆಂಗ್ಸು. ಅದನ್ನ ತಗೊಂಡು ನೀ ಏನ್ಮಾಡ್ತಿ? ಮುಖ ಬೇಕಾಗಿತ್ತು, ಕೊಟ್ಟೀನಿ."

ಫೋಟೋವನ್ನು ಅವಳ ಫೋನಿಗೆ ಕಳಿಸಿ ಎದ್ದುಹೋದ. ಪಲ್ಲವಿ ಇನ್ನೊಮ್ಮೆ ಕೇಳಲಿಲ್ಲ. ಕೇಳಬಹುದಿತ್ತು. ಆದರೆ ಆ ಮುಖ ಅವಳನ್ನು ಆಗಲೇ ಹಿಡಿದುಬಿಟ್ಟಿತ್ತು. ನಟಿಸಿದ ಸಿಟ್ಟನ್ನು ಅವಳು ಸಾವಿರ ಕಡೆ ನೋಡಿದ್ದಳು. ಹುಬ್ಬು ಗಂಟಿಕ್ಕಿ, ಹಲ್ಲು ಕಚ್ಚಿ ಕ್ಯಾಮೆರಾಕ್ಕೆ ನಿಂತ ಸಿಟ್ಟು. ಇದು ಹಾಗಿರಲಿಲ್ಲ. ಇಡೀ ಮುಖವೇ ಬಾಯಿಯ ಕಡೆಗೆ ಓಡುತ್ತಿತ್ತು.

ರೇಣುಕಾದೇವಿ ಆರಿದ ಚಹಾವನ್ನು ಒಯ್ದು ಬಚ್ಚಲಿಗೆ ಚೆಲ್ಲಿದರು. ಲೋಟವನ್ನು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತಿಕ್ಕಿದರು. ಆ ಸದ್ದು ಕೇಳುತ್ತ ಕುಳಿತ ಪಲ್ಲವಿಗೆ ಸಿಟ್ಟು ಏರಿತು. ಕೆಲಸ ಬಿಟ್ಟುಬಿಡಲೇ ಎಂದು ಯೋಚಿಸಿದಳು. ಬಿಟ್ಟರೆ ಅವನಿಗೇನು, ಇನ್ನೊಬ್ಬನ ಹತ್ತಿರ ಬರೆಸುತ್ತಾನೆ. ಬಿಡುವುದಿಲ್ಲ, ಬರೆಯುತ್ತೇನೆ, ಆದರೆ ಅವನ ಗೋಡೆಯ ಮೇಲೆ ಅವನೇ ಸೋಲಬೇಕು, ಸೋತದ್ದು ಅವನಿಗೆ ತಿಳಿಯಲೂಬಾರದು ಎಂದು ನಿರ್ಧರಿಸಿದಳು.

ಅಂದಿನಿಂದ ಅವಳು ಬೇರೆಯೇ ಹುರುಪಿನಿಂದ ಕುಳಿತಳು. ಅವನು ಹೇಳಿದಂತೆಯೇ ಹೀರೋನನ್ನು ಮೇಲಿಟ್ಟಳು, ಹೆಂಗಸನ್ನು ಕೆಳಗಿಟ್ಟಳು. ಅವನ ಬಲಗಾಲು ಅವಳ ಭುಜದ ಮೇಲೆ. ಆದರೆ ಭುಜ ಬಗ್ಗಲಿಲ್ಲ. ತುಳಿದವನ ತೂಕ ಕೆಳಗೆ ಇಳಿಯಬೇಕಾದರೆ ತುಳಿಸಿಕೊಂಡ ಮೈ ಕುಗ್ಗಬೇಕು, ಬೆನ್ನು ಬಿಲ್ಲಾಗಬೇಕು. ಪಲ್ಲವಿ ಆ ಬೆನ್ನನ್ನು ಕಂಬದ ಹಾಗೆ ನೆಟ್ಟಗೆ ಬರೆದಳು. ಭುಜ ಸರಿಯಾಗಿ ಬರಲೆಂದು ತಾಯಿಯನ್ನು ಬಾಗಿಲ ಚೌಕಟ್ಟಿಗೆ ಹೆಗಲು ಕೊಟ್ಟು ನೂಕುವಂತೆ ನಿಲ್ಲಿಸಿ ಫೋಟೋ ತೆಗೆದುಕೊಂಡಳು. ಆಮೇಲೆ ಆ ಹೆಂಗಸಿನ ಎಡಗೈಯನ್ನು ತಂದು ಹೀರೋನ ಕಣಕಾಲನ್ನು ಬಿಗಿಯಾಗಿ ಹಿಡಿಯುವಂತೆ ಮಾಡಿದಳು. ಕಾಲು ಇಟ್ಟವನು ಇನ್ನು ತೆಗೆಯಲಾರ, ಅವಳು ಬಿಟ್ಟರೆ ಮಾತ್ರ ಅವನು ಬಿಡಿಸಿಕೊಂಡಾನು ಎನ್ನುವಂಥ ಹಿಡಿತ. ಬೆರಳುಗಳ ಗಿಣ್ಣುಗಳನ್ನು ಬರೆದು ಅಳಿಸಿ, ಬರೆದು ಅಳಿಸಿ, ಒಂದು ಮಧ್ಯಾಹ್ನವನ್ನೆಲ್ಲ ಅದರಲ್ಲೇ ಕಳೆದಳು.

ಗೆರೆ ಗಟ್ಟಿ ಮಾಡುವಾಗ ಹೀರೋಗೆ ಒಂದೇ ದಪ್ಪದ ಗೆರೆ ಎಳೆದಳು, ಅಂಗಡಿಯ ಬೋರ್ಡಿನಂತೆ. ಹೆಂಗಸಿನ ಗೆರೆ ದಪ್ಪವಾಗಿ ಹುಟ್ಟಿ, ಕೂದಲ ಎಳೆಯಾಗಿ ಸಣ್ಣಗಾಗುತ್ತ, ಧೂಳಿನಲ್ಲಿ ಕರಗುತ್ತಿತ್ತು. ಸೊಂಟದ ಕೆಳಗೆ ಮೈಯೇ ಇರಲಿಲ್ಲ, ಕೆಂಪು ಅದಿರಿನ ಮಣ್ಣು ಸುಳಿಸುಳಿಯಾಗಿ ಎದ್ದು ಮೈಯಾಗಿತ್ತು. ಬಿಚ್ಚಿದ ಕೂದಲು ಹರಡಿ ಹಿಂದಿನ ಗುಡ್ಡಗಳ ಸಾಲಿಗೆ ಸೇರಿಕೊಂಡಿತ್ತು. ಕೊನೆಗೆ ಬೆಳಕು. ಸಿಡಿಲು ಇದ್ದದ್ದು ಹೀರೋನ ಮುಷ್ಟಿಯಲ್ಲಿ. ಆದರೆ ಬೆಳಕು ಬೀಳುವುದು ಹಿಡಿದವನ ಮೇಲಲ್ಲ, ಎದುರಿಗಿರುವವರ ಮೇಲೆ. ಅವನ ಮುಖದ ಅರ್ಧ ಕತ್ತಲಲ್ಲಿ ಉಳಿಯಿತು. ಅವಳ ಮುಖ, ಆ ತೆರೆದ ಬಾಯಿ, ಕುತ್ತಿಗೆಯ ನರ, ಹಣೆಯ ಬೆವರು, ಎಲ್ಲವೂ ಹಗಲಿನಂತೆ ಹೊಳೆಯಿತು. ಯಾರೇ ನೋಡಲಿ, ಕಣ್ಣು ಮೊದಲು ಅಲ್ಲಿಗೇ ಹೋಗಿ ನಿಲ್ಲಬೇಕು.

ಮುಗಿದಾಗ ಪಲ್ಲವಿಗೆ ಗೊತ್ತಿತ್ತು, ಇಷ್ಟು ಚೆನ್ನಾಗಿ ತಾನು ಈವರೆಗೆ ಬರೆದಿಲ್ಲ.

ಕಳಿಸಿದ ಚಿತ್ರ ನೋಡಿ ಮಾರುತೇಶ್ ಫೋನು ಮಾಡಿದ. ಅವನು ತೋಳು ಇನ್ನೂ ದಪ್ಪವಾಗಬೇಕು, ಮುಖ ಇನ್ನೂ ಬೆಳ್ಳಗಾಗಬೇಕು ಎಂದಷ್ಟೇ ಹೇಳಿದ. ಆಮೇಲೆ ನಗುತ್ತ ಹೇಳಿದ:

"ಆ ಕೈ ಮಸ್ತ್ ಬಂದೈತಿ ನೋಡು. ಅದು ನಿನಗ ಹೆಂಗ ಹೊಳೀತು?"

ಎಂಥ ದಡ್ಡ ಎಂದು ಪಲ್ಲವಿ ಒಳಗೊಳಗೇ ನಕ್ಕಳು. ತೋಳಿಗೆ ಮಾಂಸ ತುಂಬಿಸಿ, ಮುಖಕ್ಕೆ ಬಿಳುಪು ಕೊಟ್ಟು ಕಳಿಸಿದಳು. ಹೊಸಪೇಟೆಯಲ್ಲಿ ಫ್ಲೆಕ್ಸ್ ಪ್ರಿಂಟ್ ಮಾಡುವ ಕಿರಣ್ ಕುಮಾರ್ ಮಷೀನಿನಿಂದ ಹಾಳೆ ಇಳಿಯುವುದನ್ನು ನೋಡುತ್ತ ನಿಂತು, ಹೀರೋಗಿಂತ ಈ ಹೆಂಗಸೇ ಜೋರಾಗಿದ್ದಾಳಲ್ಲ ಎಂದ. ಪಲ್ಲವಿಗೆ ಅಂದು ಊಟ ರುಚಿಸಿತು.

ಗೋಡೆಗೆ ಚಿತ್ರ ಏರಿದ ಮೇಲೆ ಮಾರುತೇಶ್ ಅವಳನ್ನು ಯಶವಂತನಗರಕ್ಕೆ ಕರೆಸಿದ. ಜಿಮ್ಮಿನ ಪಕ್ಕದ ಗೋಡೆಗೂ ಇನ್ನೊಂದು ಚಿತ್ರ ಬೇಕು, ಗೋಡೆ ನೋಡಿಕೊಂಡು ಹೋಗು ಎಂದ. ತನ್ನ ಚಿತ್ರವನ್ನು ಅಷ್ಟು ದೊಡ್ಡದಾಗಿ ನೋಡುವ ಆಸೆ ಅವಳಿಗೂ ಇತ್ತು. ಸಂಡೂರಿಗೆ ಹೋಗಿ ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಇಳಿದಾಗ ಹೊತ್ತು ನೆತ್ತಿಗೇರುತ್ತಿತ್ತು. ಅದಿರಿನ ಲಾರಿಗಳು ಸಾಲಾಗಿ ಹೋಗುತ್ತಿದ್ದವು. ರಸ್ತೆ, ಗಿಡ, ಸೂರು, ನಿಂತ ಜನರ ರೆಪ್ಪೆ ಕೂಡ ಕೆಂಪಾಗಿತ್ತು. ಆ ಕೆಂಪಿನ ನಡುವೆ ಅವಳ ಚಿತ್ರ ಎದ್ದು ನಿಂತಿತ್ತು. ಕಬ್ಬಿಣದ ಚೌಕಟ್ಟಿಗೆ ಬಿಗಿದು ಎರಡು ಆಳೆತ್ತರಕ್ಕೆ ನಿಲ್ಲಿಸಿದ್ದರು. ಅವಳು ಅಂದುಕೊಂಡಂತೆಯೇ ಕಣ್ಣು ನೇರ ಆ ಹೆಂಗಸಿನ ಮುಖಕ್ಕೆ ಹೋಗುತ್ತಿತ್ತು.

ಮಾರುತೇಶ್ ಹೊರಗೆ ಬಂದ. ಖುಷಿಯಲ್ಲಿದ್ದ. ಪಕ್ಕದ ಗೋಡೆಗೆ ಇದೇ ಕಥೆಯ ಮುಂದಿನ ಭಾಗ ಬೇಕು, ಆ ಹೆಂಗಸು ಮೊಣಕಾಲೂರಿ ಎರಡೂ ಕೈ ಮುಗಿದಿರಬೇಕು, ಬಾಯಿ ಮುಚ್ಚಿರಬೇಕು ಎಂದ. ಪಲ್ಲವಿ ಯಾಕೆ ಎಂದು ಕೇಳಿದಾಗ ಅವನು ರಸ್ತೆಯ ಆಚೆಗೆ ಗದ್ದ ಎತ್ತಿ ತೋರಿಸಿದ.

"ಎದುರಿಗೆ ಕುಂತಾಳಲ್ಲ, ದಿನಾ ನೋಡ್ಲಿ. ಕೇಸು ಹಾಕ್ಯಾಳ ನನ್ನ ಮ್ಯಾಲ."

ರಸ್ತೆಯಾಚೆ ತಗಡಿನ ಸೂರಿನ ಒಂದು ಖಾನಾವಳಿ. ಬೆಂಚುಗಳ ಮೇಲೆ ಡ್ರೈವರುಗಳು ರೊಟ್ಟಿ ತಿನ್ನುತ್ತಿದ್ದರು. ಒಲೆಯ ಹತ್ತಿರ ಒಬ್ಬ ಹೆಂಗಸು ರೊಟ್ಟಿ ಬಡಿಯುತ್ತಿದ್ದಳು, ಜಿಮ್ಮಿನ ಗೋಡೆಗೆ ಬೆನ್ನು ಮಾಡಿ. ಅವಳು ತಿರುಗಿದಾಗ ಪಲ್ಲವಿಗೆ ಗುರುತು ಸಿಕ್ಕಿತು. ಬಾಯಿ ಮುಚ್ಚಿತ್ತು, ಕೂದಲು ಕಟ್ಟಿತ್ತು. ಆದರೂ ಆ ದವಡೆಯ ಗೆರೆಯನ್ನು, ಹುಬ್ಬಿನ ತುದಿಯನ್ನು ಅವಳು ಎಷ್ಟು ಸಲ ಬರೆದಿದ್ದಳೋ ಲೆಕ್ಕವಿರಲಿಲ್ಲ.

ಮಾರುತೇಶ್ ಏನೋ ಹೇಳುತ್ತಿರುವಾಗಲೇ ಅವಳು ರಸ್ತೆ ದಾಟಿದಳು.

ಆ ಹೆಂಗಸಿನ ಹೆಸರು ಜಂಬವ್ವ. ಹುಟ್ಟಿದ್ದು ಕಂಪ್ಲಿ ಕಡೆಯ ಮೆಟ್ರಿಯಲ್ಲಿ, ಮದುವೆಯಾಗಿ ಗಣಿಯ ಊರಿಗೆ ಬಂದವಳು. ಗಂಡ ಹೋದ ಮೇಲೆ ಖಾನಾವಳಿ ಇಟ್ಟು ಮಗಳು ಸುಷ್ಮಿತಾಳನ್ನು ಓದಿಸಿದ್ದಳು. ಸುಷ್ಮಿತಾ ಒಳಗೆ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದಳು, ಪಕ್ಕದಲ್ಲಿ ಒಂದು ಊರುಗೋಲು ಗೋಡೆಗೆ ಒರಗಿತ್ತು. ಬಂದವಳ ಹೆಗಲಿನ ಚೀಲದಿಂದ ಇಣುಕಿದ ಟ್ಯಾಬನ್ನು, ಅವಳು ಬಂದ ದಿಕ್ಕನ್ನು ನೋಡಿ ಜಂಬವ್ವನಿಗೆ ತಿಳಿದುಹೋಯಿತು. ಕೈಯ ಹಿಟ್ಟನ್ನು ಒರೆಸಿಕೊಳ್ಳದೆ ಎದ್ದು ಬಂದಳು.

"ನೀನೇನು ಅದನ್ನ ಬರ್ದಾಕಿ?"

ಹೌದು ಎಂದಳು ಪಲ್ಲವಿ.

"ನನ್ನ ಕೇಳಿದ್ಯಾ?"

ಬೆಂಚಿನ ಮೇಲಿದ್ದವರು ತಿನ್ನುವುದನ್ನು ನಿಲ್ಲಿಸಿದರು. ಪಲ್ಲವಿ ತಡವರಿಸಿದಳು. ಯಾರ ಫೋಟೋ ಎಂದು ಗೊತ್ತಿರಲಿಲ್ಲ ಎಂದಳು. ಆಮೇಲೆ, ಇಷ್ಟು ದಿನ ಗುಟ್ಟಾಗಿ ಇಟ್ಟುಕೊಂಡದ್ದನ್ನು ಹೇಳಿದರೆ ಇವರಿಗೆ ಸಮಾಧಾನವಾದೀತೆಂದು ಅವಳಿಗೆ ಅನ್ನಿಸಿತು.

"ಅಮ್ಮಾ, ಚಂದಗ ನೋಡ್ರಿ. ಅವಂಗ ನಿಮ್ಮನ್ನ ತುಳಿಯಾಕ ಆಗವಲ್ದು. ನಿಮ್ಮ ಬೆನ್ನು ಬಗ್ಗಿಲ್ಲ. ನಿಮ್ಮ ಕೈ ಅವನ ಕಾಲನ್ನ ಬಿಡವಲ್ದು. ನಾ ಬೇಕಂತನ ಹಂಗ ಬರ್ದೀನಿ. ಗೆದ್ದಾಕಿ ನೀವ."

ಜಂಬವ್ವ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ಕಾಲು ಹಿಡಿಯೋದು ಅಂದ್ರ ಏನಂತ ನಿಮ್ಮೂರಾಗ ಯಾರೂ ಹೇಳಿಲ್ಲೇನು ನಿನಗ?"

ಪಲ್ಲವಿ ತಿರುಗಿ ಗೋಡೆಯನ್ನು ನೋಡಿದಳು. ಅಷ್ಟು ದಿನ ಕಣ್ಣಿಗೆ ಹತ್ತಿರ ಹಿಡಿದು, ಗಿಣ್ಣು ಗಿಣ್ಣನ್ನೂ ತಿದ್ದಿದ್ದ ಕೈಯನ್ನು ಈಗ ರಸ್ತೆಯ ಈಚೆಯಿಂದ, ರೊಟ್ಟಿ ತಿನ್ನಲು ಬಂದವರ ಕಣ್ಣಿನಿಂದ ನೋಡಿದಳು. ಕಾಲ ಕೆಳಗೆ ಒಬ್ಬ ಹೆಂಗಸು. ಬಾಯಿ ಬಿಟ್ಟು ಗೋಳಿಡುತ್ತಿದ್ದಾಳೆ. ಒಬ್ಬ ಗಂಡಸಿನ ಕಾಲು ಹಿಡಿದಿದ್ದಾಳೆ. ಬೇರೇನೂ ಅಲ್ಲಿ ಕಾಣಲಿಲ್ಲ.

ಉಳಿದದ್ದನ್ನು ಹೇಳಿದವಳು ಸುಷ್ಮಿತಾ. ಅವಳು ಗಣಿಯ ಆಫೀಸೊಂದರಲ್ಲಿ ಕಂಪ್ಯೂಟರ್ ಕೆಲಸಕ್ಕಿದ್ದಳಂತೆ. ಹಿಂದಿನ ವರ್ಷ ಸ್ಕೂಟಿಯಲ್ಲಿ ಮನೆಗೆ ಬರುವಾಗ ಮಾರುತೇಶನ ಯಾರ್ಡಿನಿಂದ ಲಾರಿಯೊಂದು ಹಿಂದೆ ಮುಂದೆ ನೋಡದೆ ರಿವರ್ಸ್ ಬಂದು ಅವಳ ಕಾಲಿನ ಮೇಲೆ ಹಾಯಿತು. ಮಾರುತೇಶ್ ಅಲ್ಲೇ ಕಾರಿನಲ್ಲಿದ್ದ. ಜಂಬವ್ವ ಓಡಿ ಬಂದು ಮಗಳನ್ನು ಕಾರಿನಲ್ಲಿ ಹಾಕಿಕೊಂಡು ಹೋಗು ಎಂದಳು. ಅವನು ಇಳಿದು, ಸೀಟಿಗೆ ರಕ್ತ ಆಗುತ್ತದೆ, ಆಂಬುಲೆನ್ಸಿಗೆ ಫೋನು ಮಾಡು ಎಂದು ಹೇಳಿ ಮತ್ತೆ ಒಳಗೆ ಕುಳಿತ. ಆಮೇಲೆ ಅವಳು ಯಾರನ್ನೆಲ್ಲ ಕೂಗಿದಳೋ ಅದನ್ನು ಫೋನಿನಲ್ಲಿ ಹಿಡಿದುಕೊಂಡ. ರಸ್ತೆ ತಡೆದು ಬಾಯಿಗೆ ಬಂದಂತೆ ಬೈದಳು ಎನ್ನುವುದಕ್ಕೆ ಸಾಕ್ಷಿ ಬೇಕಲ್ಲ. ಕೊನೆಗೆ ಬೇರೆ ಯಾರ್ಡಿನ ಡ್ರೈವರೊಬ್ಬ ಸುಷ್ಮಿತಾಳನ್ನು ಲಾರಿಯ ಕ್ಯಾಬಿನ್ನಿನಲ್ಲಿ ಎತ್ತಿ ಹಾಕಿಕೊಂಡು ಸಂಡೂರಿಗೆ ಒಯ್ದ.

ಮಗಳು ಮುಗಿಸಿದ ಮೇಲೆ ಜಂಬವ್ವ ಹೇಳಿದಳು:

"ಅಂವ ಕಾರಿನಿಂದ ಇಳಿದಾಗ ನಾ ಖರೇನ ಅವನ ಕಾಲು ಹಿಡ್ದೆ. ಎಲ್ಲಾರೂ ನೋಡ್ಯಾರ. ಅದನ್ನ ಗ್ವಾಡಿ ಮ್ಯಾಲ ಬರ್ದಿ ನೀನು."

"ನನಗ ಗೊತ್ತಿರಲಿಲ್ಲಮ್ಮಾ."

"ಮತ್ತ ಆ ಬಾಯಿ. ಅದು ಬೈಯೋ ಬಾಯಲ್ಲ. ಕರಿಯಾಕತ್ತಿದ್ದೆ. ಯಾರರ ಬರ್ರಿ ಅಂತ ಕರಿಯಾಕತ್ತಿದ್ದೆ."

ಪಲ್ಲವಿ ಮುಖಗಳನ್ನು ಓದುವುದೇ ತನ್ನ ಕೆಲಸ ಅಂದುಕೊಂಡಿದ್ದಳು. ದಿನಗಟ್ಟಲೆ ಆ ಮುಖವನ್ನು ನೋಡಿದ್ದರೂ ಅದರಲ್ಲಿ ಸಿಟ್ಟು ಬಿಟ್ಟರೆ ಏನೂ ಕಂಡಿರಲಿಲ್ಲ, ಯಾಕೆಂದರೆ ಅವಳಿಗೆ ಬೇಕಾಗಿದ್ದದ್ದು ಸಿಟ್ಟು. ಚಹಾ ಮುಟ್ಟದೆ ಹೋದವನ ಮೇಲಿನ ತನ್ನ ಸಿಟ್ಟನ್ನು ತೀರಿಸಿಕೊಳ್ಳಲು ಇನ್ನೊಬ್ಬಳ ಮುಖವನ್ನು ಎತ್ತಿಕೊಂಡಿದ್ದಳು. ಮತ್ತು ದಡ್ಡ ಎಂದು ತಾನು ನಕ್ಕಿದ್ದ ಮಾರುತೇಶನಿಗೆ ಚಿತ್ರ ಅವಳಿಗಿಂತ ಚೆನ್ನಾಗಿ ಅರ್ಥವಾಗಿತ್ತು.

ಏನು ಮಾಡಲಿ ಎಂದು ಅವಳು ಕೇಳಿದಳು.

"ನನ್ನ ಮುಖ ತೆಗಿ," ಎಂದು ಜಂಬವ್ವ ಒಲೆಯ ಕಡೆ ನಡೆದಳು.

ಪಲ್ಲವಿ ಮತ್ತೆ ರಸ್ತೆ ದಾಟಿ ಮಾರುತೇಶನ ಮುಂದೆ ನಿಂತಳು. ಚಿತ್ರ ಇಳಿಸಿರಿ, ಬೇರೆ ವೈರಿಯನ್ನು ಹಾಕಿ ಹೊಸದಾಗಿ ಬರೆದು ಕೊಡುತ್ತೇನೆ, ನಿಮಗೆ ಅದರಿಂದ ಏನೂ ಹೊರೆಯಾಗುವುದಿಲ್ಲ ಎಂದಳು. ಅವನು ನಗುತ್ತಲೇ ಕೇಳಿದ. ಅವಳು ಮತ್ತೆ ಹೇಳಿದಾಗ ನಗು ಹೋಯಿತು. ಗೋಡೆ ತನ್ನದು, ಫ್ಲೆಕ್ಸ್ ತನ್ನದು, ಬರೆದುಕೊಟ್ಟ ಮೇಲೆ ಅವಳ ಕೆಲಸ ಮುಗಿಯಿತು ಎಂದ. ಮುಖ ನಿಮ್ಮದಲ್ಲವಲ್ಲ ಎಂದಳು ಪಲ್ಲವಿ. ಜಿಮ್ಮಿನಲ್ಲಿದ್ದವರು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದರು. ಅವರೆದುರು ಅವನ ದನಿ ಏರಿತು.

"ನಿಮ್ಮಂಥೋರ ಮನಿ ಹೊಸ್ತಿಲು ತುಳಿದು ಕೆಲಸ ಕೊಟ್ನಲ್ಲ, ಅದು ನಂದು ತಪ್ಪು. ನಡಿ ಇಲ್ಲಿಂದ."

ಮಹಡಿಗೆ ಬಣ್ಣ ಹಚ್ಚುವವರು ಬಿಟ್ಟುಹೋಗಿದ್ದ ಏಣಿ ಮಗ್ಗುಲಿಗೇ ಒರಗಿತ್ತು. ಪಲ್ಲವಿ ಅದನ್ನು ಎಳೆದು ಚೌಕಟ್ಟಿಗೆ ಆನಿಸಿದಳು. ಚೀಲದಲ್ಲಿ ಕಾಗದ ಕತ್ತರಿಸುವ ಕಟರ್ ಇತ್ತು. ಅವಳು ಏನು ಮಾಡುತ್ತಿದ್ದಾಳೆಂದು ಯಾರಿಗೂ ತಿಳಿಯುವ ಮೊದಲೇ ಮೇಲೆ ಹತ್ತಿದ್ದಳು.

ಫ್ಲೆಕ್ಸ್ ಬಿಸಿಲಿಗೆ ಕಾದು ಮೆದುವಾಗಿತ್ತು. ಕಟರ್‌ನ ಅಲಗು ಕಿವಿಯ ಕೆಳಗೆ ಒಳಗಿಳಿಯಿತು. ಅಲ್ಲಿಂದ ದವಡೆಯ ಗೆರೆ ಹಿಡಿದು ಗದ್ದಕ್ಕೆ, ಗದ್ದದಿಂದ ಮೇಲಕ್ಕೆ, ಹಣೆಯ ಅಂಚಿಗೆ. ತಾನೇ ಎಳೆದ ಗೆರೆ, ಕೈಗೆ ದಾರಿ ಹೇಳಿಕೊಡಬೇಕಾಗಿರಲಿಲ್ಲ. ಅಷ್ಟರಲ್ಲಿ ಕೆಳಗೆ ಗದ್ದಲವೆದ್ದಿತು. ಮಾರುತೇಶ್ ಬೈಯುತ್ತ ಬಂದು ಏಣಿಗೆ ಕೈ ಹಾಕಿ ಅಲ್ಲಾಡಿಸಿದ. ಪಲ್ಲವಿ ಒಂದು ಕೈಯಲ್ಲಿ ಚೌಕಟ್ಟಿನ ಕಬ್ಬಿಣ ಹಿಡಿದಳು, ಅದು ಸುಡುತ್ತಿತ್ತು. ಏಣಿ ಒಂದು ಪಕ್ಕಕ್ಕೆ ವಾಲಿತು. ಬಿದ್ದೆ ಅಂದುಕೊಂಡಳು.

ಏಣಿ ನಿಂತಿತು. ಅವಳು ಕೆಳಗೆ ನೋಡಿದಳು. ಮಾರುತೇಶ್ ಏಣಿ ಬಿಟ್ಟು ರಸ್ತೆಯ ಕಡೆ ತಿರುಗಿದ್ದ. ಖಾನಾವಳಿಯ ಮುಂದೆ ಸುಷ್ಮಿತಾ ಊರುಗೋಲಿನ ಮೇಲೆ ಭಾರ ಹಾಕಿ ನಿಂತು, ಇನ್ನೊಂದು ಕೈಯಲ್ಲಿ ಫೋನನ್ನು ಎತ್ತಿ ಅವನನ್ನೇ ಹಿಡಿದಿದ್ದಳು. ಅವಳ ಅಕ್ಕಪಕ್ಕ ಡ್ರೈವರುಗಳು ಎಂಜಲು ಕೈಯಲ್ಲೇ ಎದ್ದು ಬಂದು ನಿಂತಿದ್ದರು. ಮಾರುತೇಶ್ ಫೋನು ಇಳಿಸು ಎಂದು ಅಬ್ಬರಿಸಿದ. ಸುಷ್ಮಿತಾ ಇಳಿಸಲಿಲ್ಲ.

ಪಲ್ಲವಿ ಮುಖವನ್ನು ಪೂರ್ತಿ ಕತ್ತರಿಸಿದಳು. ಆಮೇಲೆ ಕಣಕಾಲನ್ನು ಹಿಡಿದಿದ್ದ ಕೈಯನ್ನೂ ಕತ್ತರಿಸಿದಳು. ಎರಡನ್ನೂ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಇಳಿದಳು. ಪೊಲೀಸರಿಗೆ ಹೇಳುತ್ತೇನೆ, ಹೊಸಪೇಟೆಯಲ್ಲಿ ಒಬ್ಬರೂ ನಿನಗೆ ಕೆಲಸ ಕೊಡದ ಹಾಗೆ ಮಾಡುತ್ತೇನೆ ಎಂದು ಮಾರುತೇಶ್ ಅವಳ ಬೆನ್ನ ಹಿಂದೆ ಕೂಗುತ್ತಲೇ ಇದ್ದ. ರಸ್ತೆ ದಾಟುವಾಗ ಲಾರಿಯೊಂದು ಅವಳಿಗಾಗಿ ನಿಲ್ಲಬೇಕಾಯಿತು.

ಜಂಬವ್ವ ಫ್ಲೆ‌ಕ್ಸಿನ ಸುರುಳಿಯನ್ನು ತೆಗೆದುಕೊಂಡು ನೆಲದ ಮೇಲೆ ಬಿಚ್ಚಿ ಹಾಸಿದಳು. ತನ್ನ ಮುಖವನ್ನು ನಿಂತುಕೊಂಡೇ ಬಹಳ ಹೊತ್ತು ನೋಡಿದಳು. ಹಣೆಯ ಸುಕ್ಕುಗಳನ್ನು, ಬೆವರಿನ ಹನಿಗಳನ್ನು ನೋಡಿದಳು. ಜಂಬವ್ವ ಏನಾದರೂ ಹೇಳಿಯಾಳು ಎಂದು ಪಲ್ಲವಿ ಕಾದಳು.

"ತಪ್ಪಾತಮ್ಮಾ," ಎಂದು ತಾನೇ ಹೇಳಿದಳು.

"ಮಾಡಿದ್ದನ್ನ ನೀನ ತೆಗ್ದಿ. ಅದಕ್ಕ ನಾ ಕೈ ಮುಗೀಬೇಕೇನು?"

ಜಂಬವ್ವ ಫ್ಲೆಕ್ಸನ್ನು ಎತ್ತಿ ಒಯ್ದು ಸೂರಿನ ಹೊರಗಿದ್ದ ಕಟ್ಟಿಗೆ ರಾಶಿಯ ಮೇಲೆ ಬೋರಲು ಹೊದಿಸಿದಳು, ಗಾಳಿಗೆ ಹಾರದಂತೆ ಸುತ್ತಲೂ ಅಂಚಿಗೆ ಕಲ್ಲು ಇಟ್ಟಳು. ಮುಖ ಒಳಗಾಯಿತು, ಬಿಳಿಯ ಬೆನ್ನು ಮೇಲಾಯಿತು. ಬಂದವಳೇ ಒಂದು ತಟ್ಟೆಗೆ ರೊಟ್ಟಿ, ಪುಂಡಿಪಲ್ಯ ಹಾಕಿ ಪಲ್ಲವಿಯ ಮುಂದೆ ಸದ್ದಾಗುವಂತೆ ಇಟ್ಟಳು.

"ಉಣ್ಣು. ಬಸ್ಸಿಗೆ ಇನ್ನೂ ಹೊತ್ತೈತಿ."

ಪಲ್ಲವಿ ಉಂಡಳು. ತಟ್ಟೆಯಲ್ಲಿ ಏನೂ ಬಿಡಲಿಲ್ಲ. ಸುಷ್ಮಿತಾ ಎದುರಿಗೆ ಕುಳಿತು ನೀರು ಕೊಟ್ಟಳು, ಚಿತ್ರ ಬರೆಯುವುದನ್ನು ಎಲ್ಲಿ ಕಲಿತೆ ಎಂದು ಕೇಳಿದಳು. ರಸ್ತೆಯಾಚೆ ಸಂಡೂರು ಸಿಡಿಲು ಒಂದು ತೂತಿನ ಮೇಲೆ ಕಾಲಿಟ್ಟು ನಿಂತಿತ್ತು, ತೂತಿನಲ್ಲಿ ಸಿಮೆಂಟಿನ ಗೋಡೆ ಕಾಣುತ್ತಿತ್ತು. ಡ್ರೈವರೊಬ್ಬ ಅದನ್ನು ನೋಡಿ ನಕ್ಕ. ಸಂಜೆಯೊಳಗೆ ಮಾರುತೇಶ್ ಅದನ್ನು ಇಳಿಸಿದನಂತೆ.

ಪೊಲೀಸರಿಗೆ ಅವನು ದೂರು ಕೊಟ್ಟದ್ದು ನಿಜ. ಠಾಣೆಗೆ ಪಲ್ಲವಿಯ ಜೊತೆ ರೇಣುಕಾದೇವಿಯೂ ಹೋದರು. ಕತ್ತರಿಸಿದ್ದು ನಾನೇ ಎಂದು ಪಲ್ಲವಿ ಒಪ್ಪಿಕೊಂಡಳು. ಅಲ್ಲಿದ್ದ ಅಧಿಕಾರಿ ಆ ಹೆಂಗಸು ಯಾರು, ಅವಳ ಫೋಟೋ ನಿಮ್ಮ ಹತ್ತಿರ ಹೇಗೆ ಬಂತು, ಯಾವ ದಿನ ತೆಗೆದದ್ದು ಎಂದು ಮಾರುತೇಶನನ್ನು ಕೇಳತೊಡಗಿದಾಗ ಅವನಿಗೆ ಆ ಮಾತು ಮುಂದುವರಿಸುವ ಮನಸ್ಸಾಗಲಿಲ್ಲ. ದೂರು ಅಲ್ಲಿಗೇ ನಿಂತಿತು. ಆದರೆ ಅವನು ಹೇಳಿದ ಇನ್ನೊಂದು ಮಾತನ್ನು ಉಳಿಸಿಕೊಂಡ. ಸಂಡೂರು ಕಡೆಯಿಂದ ಬರುತ್ತಿದ್ದ ಕೆಲಸಗಳು ನಿಂತವು, ಹೊಸಪೇಟೆಯಲ್ಲೂ ಒಬ್ಬಿಬ್ಬರು ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಂಡರು. ಜಿಮ್ಮಿನ ಗೋಡೆಯ ಮೇಲೆ ಈಗ ಇಂಟರ್ನೆಟ್ಟಿನಿಂದ ಇಳಿಸಿದ ಯಾರೋ ಪರದೇಶದ ಪೈಲ್ವಾನನಿದ್ದಾನೆ.

ಚಿತ್ರದ ಫೈಲನ್ನು ಇಟ್ಟುಕೋ, ನಿನ್ನ ಕೆಲಸಗಳಲ್ಲೇ ಅದು ಒಳ್ಳೆಯದು ಎಂದು ಕಿರಣ್ ಕುಮಾರ್ ಹೇಳಿದ. ಪಲ್ಲವಿ ಅದನ್ನೂ ಆ ಫೋಟೋವನ್ನೂ ಅಳಿಸಿದಳು. ಬಹಳ ದಿನ ಅವಳಿಗೆ ತೆರೆದ ಬಾಯಿಯನ್ನು ಬರೆಯಲು ಕೈ ಏಳುತ್ತಿರಲಿಲ್ಲ. ಈಗ ಏಳುತ್ತದೆ. ಆದರೆ ಯಾರಾದರೂ ಫೋಟೋ ಕೊಟ್ಟರೆ ಇವರು ಯಾರು ಎಂದು ಕೇಳುತ್ತಾಳೆ, ಉತ್ತರ ಬರುವವರೆಗೂ ಕೇಳುತ್ತಾಳೆ.

ಸುಷ್ಮಿತಾಳ ಕಾಲಿನ ಕೇಸು ಇನ್ನೂ ನಡೆದಿದೆ. ಆ ಕಡೆ ಹೋದಾಗ ಪಲ್ಲವಿ ಖಾನಾವಳಿಯಲ್ಲಿ ಉಂಡು ಬರುತ್ತಾಳೆ. ಸುಷ್ಮಿತಾ ಮಾತಾಡಿಸುತ್ತಾಳೆ, ತನ್ನ ಪಕ್ಕದಲ್ಲೇ ಕೂರಿಸಿಕೊಳ್ಳುತ್ತಾಳೆ. ಜಂಬವ್ವ ಹೊಟ್ಟೆ ತುಂಬ ಬಡಿಸುತ್ತಾಳೆ. ಮಾತಾಡಿಸುವುದಿಲ್ಲ.